ಅರ್ಧ ಅಂಕ

ಮೂವತ್ತೆಂಟು ಉತ್ತರಪತ್ರಿಕೆ. ಇಪ್ಪತ್ತಾರರಲ್ಲಿ
ಅದೇ ತಪ್ಪು, ಅದೇ ಮಾತು, ಒಂದು ಬೆಂಚಿನಿಂದ ಇನ್ನೊಂದಕ್ಕೆ ದಾಟಿದ್ದು:
‘ಸಮಾಂಗಿಗಳು ಎಂದರೆ ರಚನೆ ಬೇರೆಯಾದ ಸಂಯುಕ್ತಗಳು.’
ಕೆಂಪು ಪೆನ್ನು. ಅರ್ಧ ಅಂಕ ಕತ್ತರಿ.

ರಚನೆ ಬೇರೆಯಾಗದ್ದು ಯಾವುದಪ್ಪ?
ಸೀಮೆಸುಣ್ಣ ಬೇರೆ, ಅಡುಗೆ ಉಪ್ಪು ಬೇರೆ,
ಸೀಮೆಎಣ್ಣೆ ಬೇರೆ, ನೀನು ಕದ್ದು ತಿಂದ ಹುಣಸೆಯ ಹುಳಿ ಬೇರೆ.
ಬರೀ ಬೇರೆ ಎನ್ನುವುದಕ್ಕೆ ಒಂದು ಹೆಸರೇಕೆ,
ಲೋಕವೇ ಇದೆಯಲ್ಲ.
ನೀವು ಮರೆತ ಮೊದಲರ್ಧ ಇದು: ಅಣುಸೂತ್ರ ಒಂದೇ.
ಎಣಿಸಿದರೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ;
ಯಾರು ಯಾರ ಕೈ ಹಿಡಿದರು ಎಂಬುದಷ್ಟೇ ಬೇರೆ.

ಇಪ್ಪತ್ತೊಂದು ವರ್ಷದಿಂದ ಪಾಂಡವಪುರದ ಈ ಹೈಸ್ಕೂಲಿನಲ್ಲಿ
ಬೋರ್ಡಿನ ಮೇಲೆ ಬರೆದು ತೋರಿಸುತ್ತ ಬಂದೆ:
ರಸ. ತಿರುಗಿಸಿದರೆ ಸರ.
ದಿನ. ತಿರುಗಿಸಿದರೆ ನದಿ.
ಅಕ್ಷರ ಅವೇ ಎರಡು;
ಒಂದು ಮುಳುಗುತ್ತದೆ, ಒಂದು ಮುಳುಗಿಸುತ್ತದೆ.
ಮಕ್ಕಳು ನಗುತ್ತಾರೆ, ಬರೆದುಕೊಳ್ಳುತ್ತಾರೆ,
ಪರೀಕ್ಷೆಯ ದಿನ ಮರೆಯುತ್ತಾರೆ.

ಈ ವರ್ಷ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು.
ಹಾಜರಿಯಲ್ಲಿ ಚೆಲುವಾಂಬ, ಅಜ್ಜಿಯ ಹೆಸರು; ಊರಿಗೆಲ್ಲ ಚೆಲುವಿ.
‘ಸಾ, ಸಕ್ಕರೆ ಒಂದೇ ಇದ್ರೆ ಅದ್ನ ಸಮಾಂಗಿ ಅನ್ಬೋದಾ?’
ಇಲ್ಲಮ್ಮ. ಒಂಟಿಯಾಗಿ ಯಾವುದೂ ಸಮಾಂಗಿಯಲ್ಲ,
ಇದು ಅದಕ್ಕೆ, ಅದು ಇದಕ್ಕೆ.
‘ಅಂಗಾರೆ ವಾರಗಿತ್ತೀರು ಅನ್ನಿ.’

ತರಗತಿ ಗೊಳ್ಳೆಂದಿತು. ನಾನು ಸೀಮೆಸುಣ್ಣ ಕೆಳಗಿಟ್ಟೆ.
ಹೌದಲ್ಲ. ಒಬ್ಬಳೇ ಸೊಸೆಯಿರುವ ಮನೆಯಲ್ಲಿ
ಆ ಮಾತೇ ಹುಟ್ಟುವುದಿಲ್ಲ.
ಎರಡನೆಯವಳು ಸೇರು ಒದ್ದು ಒಳಬಂದ ಗಳಿಗೆ
ಮೊದಲಿನವಳಿಗೂ ಆ ಹೆಸರು ಬರುತ್ತದೆ, ಒಲೆಯ ಮುಂದೆ ಕೂತಲ್ಲೇ,
ಒಂದು ಕೂದಲೂ ಕೊಂಕದೆ.
ಒಂದೇ ಕಣಜದ ರಾಗಿ, ಒಂದೇ ಅತ್ತೆ, ಅಷ್ಟೇ ತೂಕದ ತಾಳಿ.
ಒಬ್ಬಳ ಮುದ್ದೆ ಗಂಟು ಗಂಟು, ಒಬ್ಬಳದು ಬೆಣ್ಣೆ.

ಹೋಲಿಕೆ ಪೂರ್ತಿ ಕೂಡುವುದಿಲ್ಲ, ಗೊತ್ತು.
ವಾರಗಿತ್ತಿಯರು ಮುನಿಯುತ್ತಾರೆ, ಪಾಲು ಕೇಳುತ್ತಾರೆ,
ಬಾವಿಕಟ್ಟೆಯಲ್ಲಿ ಮಾತು ಬಿಡುತ್ತಾರೆ.
ಅಣುವಿಗೆ ತವರಿಲ್ಲ.

ಮರುದಿನ ಎರಡು ಪ್ರನಾಳ ತಂದೆ.
ಒಂದರಲ್ಲಿ ಕಬ್ಬಿನ ಸಕ್ಕರೆ, ಒಂದರಲ್ಲಿ ಹಾಲಿನ ಸಕ್ಕರೆ.
ಹನ್ನೆರಡು ಇಂಗಾಲ, ಇಪ್ಪತ್ತೆರಡು ಹೈಡ್ರೋಜನ್,
ಹನ್ನೊಂದು ಆಕ್ಸಿಜನ್: ಇಬ್ಬರ ಜಾತಕವೂ ಇಷ್ಟೇ.
ನೀಲಿ ಬೆನೆಡಿಕ್ಟ್ ದ್ರಾವಣ ಹಾಕಿ ಬಿಸಿನೀರಲ್ಲಿ ನಿಲ್ಲಿಸಿದೆ.
ಹಾಲಿನದು ಹಸಿರಾಯಿತು, ಹಳದಿಯಾಯಿತು,
ಇಟ್ಟಿಗೆಗೆಂಪಾಗಿ ತಳಕ್ಕೆ ಕೂತಿತು.
ಕಬ್ಬಿನದು ನೀಲಿ. ಐದು ನಿಮಿಷ ಕಾದರೂ ನೀಲಿ.
‘ಇವ್ಳು ಬಾಯ್ ಬುಡಾಕಿಲ್ಲ,’ ಅಂದಳು ಚೆಲುವಿ.

ಬಿಡಿಸಬಹುದು ಅಂದೆ. ಎರಡು ಹನಿ ಆಮ್ಲ, ಒಂದು ಕುದಿ,
ಗುಟುಕು ನೀರು ಕುಡಿದು ಅವಳೇ ಇಬ್ಬರಾಗಿ ಒಡೆಯುತ್ತಾಳೆ,
ಗ್ಲೂಕೋಸ್, ಫ್ರಕ್ಟೋಸ್.
ಆ ಇಬ್ಬರೂ ಮತ್ತೆ ವಾರಗಿತ್ತಿಯರೇ.
ಅವಳು ತಲೆಯಾಡಿಸಿದಳು. ಹಳೆಯ ಸುದ್ದಿ.
‘ಕಬ್ಬು ಕಡ್ದು ನಾಕ್ ದಿನ ಬುಟ್ಟು ಆಡ್ಸುದ್ರೆ
ನಮ್ ಆಲೆಮನೇಲಿ ಬೆಲ್ಲ ಅಚ್ಚಲ್ಲಿ ನಿಲ್ಲಾಕಿಲ್ಲ ಸಾ,
ಸೋರ್ತದೆ. ಸೀ ಏನೋ ಇರ್ತದೆ.’

ಇಪ್ಪತ್ತೊಂದು ವರ್ಷ ಇದನ್ನು ಪುಸ್ತಕ ನೋಡಿ ಹೇಳಿದೆ ನಾನು.

ಈಗ ಅವಳ ಪತ್ರಿಕೆ ಕೈಯಲ್ಲಿದೆ. ಓರೆ ಅಕ್ಷರ, ಒಂದೇ ಸಾಲು:
‘ಲೆಕ್ಕ ಒಂದೇ, ಬಾಳುವೆ ಬೇರೆ.’
ಅಣುಸೂತ್ರ ಎಂಬ ಪದವಿಲ್ಲ. ರಚನೆ ಎಂಬ ಪದವಿಲ್ಲ.
ಉತ್ತರಸೂಚಿಯಲ್ಲಿ ಹೀಗೆ ಬರೆದಿಲ್ಲ,
ಹೆಡ್‌ಮಾಸ್ಟರು ಕೇಳಿದರೆ ಏನು ಹೇಳಲಿ?

ಮನೆಯವಳು ಕಾಫಿ ಇಟ್ಟು ಹೋಗಿ ಬಹಳ ಹೊತ್ತಾಯಿತು.
ಮೇಲೆ ಹಾಲಿನ ಕೆನೆ ಸುಕ್ಕುಗಟ್ಟಿದೆ,
ತಳದಲ್ಲಿ ಸಕ್ಕರೆ ಕರಗದೆ ಕೂತಿದೆ,
ಒಂದೇ ಲೋಟದಲ್ಲಿ, ಒಬ್ಬರನ್ನೊಬ್ಬರು ಕೇಳದೆ.
ಕೆಂಪು ಪೆನ್ನಿನ ಹಿಂಬದಿಯಿಂದ ಕಲಕಿ
ತಣ್ಣಗಿನದನ್ನೇ ಕುಡಿಯುತ್ತೇನೆ.