ಮೂರನೇ ಕ್ಲಾಸಿನ ಬೆಂಚು

ಗುರುವಾರ ಸಂಜೆ, ಮಲ್ಪೆಯ ಶಾಲೆಯಲ್ಲಿ
ಮೂರನೇ ಕ್ಲಾಸಿನ ಬೆಂಚಿಗೆ
ನಮ್ಮೆಲ್ಲರ ಮೊಣಕಾಲು ತಾಗುತ್ತದೆ.
ಬೋರ್ಡಿನಲ್ಲಿ ಏಳರ ಮಗ್ಗಿ, ಅರ್ಧ ಒರೆಸಿದ್ದು.

ಬೋಟಿನ ಇಂಜಿನ್ ಬಿಚ್ಚುವ ಸಿಪ್ರಿಯನ್ ಹೇಳುತ್ತಾನೆ:
ಮಗಳ ರೋಸಿನ ದಿನ ನಾನು ಚರಂಡಿಯಲ್ಲಿದ್ದೆ.
ಅವಳಿಗೆ ತೆಂಗಿನ ಹಾಲು ಹಚ್ಚಬೇಕಿದ್ದ ಕೈ ಇದು.
ಯಾರೂ ಅಯ್ಯೋ ಅನ್ನುವುದಿಲ್ಲ.
ಜಲಜಕ್ಕ ಮಾತ್ರ ಎದ್ದು ಫ್ಯಾನು ಆರಿಸುತ್ತಾರೆ,
ಸರಿಯಾಗಿ ಕೇಳಲಿ ಎಂದು.

ನನ್ನ ಸರದಿ.
ಹೆಸರು ಹೇಳಿದೆ, ಆಮೇಲೆ ಆ ಇನ್ನೊಂದು ಶಬ್ದ.
ಐಸ್ ಪ್ಲಾಂಟಿನಲ್ಲಿ ಹದಿನೆಂಟು ವರ್ಷ;
ಕೈ ನಡುಗಿದರೆ ಚಳಿಗೆ ಅನ್ನುತ್ತಿದ್ದೆ.
ಎಲ್ಲರೂ ನಂಬುತ್ತಿದ್ದರು, ಅಥವಾ
ನಂಬಿದ ಹಾಗೆ ಇರುತ್ತಿದ್ದರು.
ಈಗ ನಲವತ್ತೊಂದು ದಿನ.
"ಇವತ್ತು?" ಕೇಳಿದರು ಜಲಜಕ್ಕ.
ಇವತ್ತು ಇಲ್ಲ.
"ಸಾಕು. ಚಾ ತಣಿಯುತ್ತದೆ, ಕುಡಿ."

ಮನೆಗೆ ಮರಳುವ ಬಸ್ಸಿನಲ್ಲಿ ಅದೇ ಕಂಡಕ್ಟರ್ ಉಮಾನಾಥ.
ನಾನು ಹೇಳದೆಯೇ ವೈನ್ಸ್ ಎದುರು ಸೀಟಿ ಊದಿದ,
ಪಾಪ, ಹಳೆಯ ಉಪಕಾರ.
ಬಸ್ಸು ನಿಂತಿತು. ಬಾಗಿಲು ನನ್ನನ್ನೇ ನೋಡಿತು.
ಬಾಯಿ ಒಣಗಿತ್ತು, ಸುಳ್ಳು ಯಾಕೆ.
ಕಂಬಿ ಬಿಡದೆ
ನಾನೇ ಬೊಬ್ಬೆ ಹಾಕಿದೆ:
ರೈಟ್, ಪೋಯಿ!