ಗಾಳಿ ತುಳಿದವನಿಗೆ

ನಾನು ಪುಟ ತಿರುವುತ್ತಿದ್ದವಳು.
ಹನ್ನೊಂದು ತುಂಬಿದಾಗ ಹಿಡಿದ ಕೆಲಸ: ಅವರ ಎಡಕ್ಕೆ ನಿಂತು
ಗದ್ದ ಒಂದು ನೂಲು ಇಳಿದರೆ ಹಾಳೆ ಮಗುಚುವುದು.
ಎರಡು ನೂಲು ಇಳಿದರೆ ಅದು ನಿದ್ದೆ,
ಪಾದ್ರಿಗಳ ಪ್ರಸಂಗ ಇನ್ನೂ ನರಕ ದಾಟಿಲ್ಲ ಎಂದರ್ಥ.

ಟ್ರೌಗೊಟ್ ಹೆಸ್ಸೆಲ್‌ಬಾರ್ಟ್, ಲಾಯ್ಟೆನ್‌ರೋಡದ ಆರ್ಗನ್ ವಾದಕ.
ಭಾನುವಾರ ಎರಡು ಸಲ, ಹೆಣಕ್ಕೊಂದು ಸಲ, ಮದುವೆಗೆ ಕೇಳಿದಷ್ಟು.
ಉಳಿದ ದಿನ ಇತಿಹಾಸ.
ಈ ಸ್ಲೇಟುಕಲ್ಲಿನ ಊರಲ್ಲಿ ಮುನ್ನೂರು ವರ್ಷ ಯಾರು ಯಾರು ಹಾಡಿಸಿದರು,
ಯಾರಿಗೆ ಎಷ್ಟು ಸೌದೆ ಸಂಬಳ,
ಯಾವ ಗಾನಗುರು ಕುಡಿದು ಅಟ್ಟದಿಂದ ಬಿದ್ದ.
ಬಿದ್ದದ್ದು ಮಂಗಳವಾರವೋ ಗುರುವಾರವೋ ತಿಳಿಯಲು ನಾಲ್ಕು ಚಳಿಗಾಲ.
ಗುರುವಾರ. ಓಡಿಹೋಗಿ ಹೆಂಡತಿಗೆ ಹೇಳಿದರಂತೆ.
"ಸೂಪು ಆರುತ್ತಿದೆ" ಅಂದಳಂತೆ ಅವಳು.

ತುದಿ ಕತ್ತರಿಸಿದ ಕೈಗವಸು. ಕಾಲಿಗೆ ಸವೆದು ಸವೆದು
ಈರುಳ್ಳಿ ಸಿಪ್ಪೆಯಾದ ಜೋಡು. ಕೆಳಗಿನ ಮರದ ಪಟ್ಟಿಗಳು
ಅಂಗಾಲಿಗೆ ಗೊತ್ತಾಗಬೇಕು, ಕತ್ತಲಲ್ಲಿ ಸ್ವಂತ ಮನೆಯ ಮೆಟ್ಟಿಲಿನ ಹಾಗೆ.
ತವರದ ದೊಡ್ಡ ಕೊಳವೆಗಳನ್ನು ಹದಿನೇಳರಲ್ಲಿ ಯುದ್ಧ ತಿಂದಿತ್ತು;
ಆ ಜಾಗಕ್ಕೆ ಬೆಳ್ಳಿಬಣ್ಣ ಬಳಿದ ರಟ್ಟು.
ಕೆಳಗೆ ಕೂತವರಿಗೆ ತಿಳಿಯದು. ನಮಗೆ ತಿಳಿಯುತ್ತಿತ್ತು:
ಆ ಸ್ವರ ಬಂದಾಗಲೂ ಅವರು ಬಿಡದೆ ಒತ್ತುತ್ತಿದ್ದರು,
ಪೂರ್ತಿ ಮಾತ್ರೆ, ಶಬ್ದವಿಲ್ಲದೆ.

ಆರ್ಗನ್ನಿನ ಬೆನ್ನ ಹಿಂದೆ ತಿದಿಯ ಕೋಣೆ.
ವಿದ್ಯುತ್ತು ಬರುವ ಮುಂಚೆ ತುಳಿಯುವವ ಒಬ್ಬ, ಹೆಸರು ಪಡೆಯುವವ ಇನ್ನೊಬ್ಬ.
ಹಳೆಯ ಲೆಕ್ಕದ ಪುಸ್ತಕದಲ್ಲಿ ವರ್ಷಕ್ಕೊಂದು ಸಾಲು:
'ಗಾಳಿ ತುಳಿದವನಿಗೆ, ಬಿಯರಿನ ಬಾಬ್ತು, ಎರಡು ಗ್ರೋಷನ್.'
ಹೆಸರಿಲ್ಲ.
ಹಲಗೆಯ ಮೇಲೆ ಚಾಕುವಿನ ಬರಹ, ಬರಗಾಲದ ವರ್ಷ, ೧೭೭೨:
'ಇವತ್ತು ಏಳು ಹೆಣ. ಕೀರ್ತನೆ ಉದ್ದ. ಹಸಿವು.'
ಲಾಟೀನು ನನ್ನ ಕೈಗೆ ಕೊಟ್ಟು ಕನ್ನಡಕ ಒರೆಸಿಕೊಂಡರು.
"ಯಾರಿವನು, ಇಲ್ಸೆಟ್ರೌಟ್? ಇವನನ್ನು ಹುಡುಕಬೇಕು."

ಮೂವತ್ತೇಳರ ವಸಂತ. ಊರಿಗೆಲ್ಲ ವಂಶದ ಕಾಗದ ಬೇಕಾಯಿತು.
ಚರ್ಚಿನ ದಫ್ತರ ಓದಬಲ್ಲವರು ಅವರೊಬ್ಬರೇ, ಆ ಕೊಕ್ಕೆ ಅಕ್ಷರ,
ಆ ಇಲಿ ತಿಂದ ಅಂಚು. ಸಾಲು ಬೀದಿಯವರೆಗೆ.
ಥೆಕ್ಲಾ ವಿಂಟರ್‌ಬೆರ್ಗ್ ಬಂದಳು, ಗುಂಡಿ ಕಾರ್ಖಾನೆಯ ಲೆಕ್ಕದವಳು,
ವೃಂದಗಾನದಲ್ಲಿ ಎರಡನೆಯ ಸಾಲು, ಶ್ರುತಿ ತಪ್ಪದ ಕೆಳದನಿ.
ಅವರ ಗದ್ದ ಒಂದು ನೂಲು ಇಳಿಯಿತು.
ನಾನು ಪುಟ ತಿರುವಿದೆ.
ಅವಳ ತಂದೆ ತಾಯಿ: ದೀಕ್ಷಾಸ್ನಾನ ೧೮೮೮, ಇಬ್ಬರೂ ವಯಸ್ಕರು,
ಹಿಂದಿನ ಧರ್ಮ... ಅದನ್ನೂ ಬರೆದಿಟ್ಟಿದ್ದ ಯಾರೋ ಶ್ರದ್ಧಾವಂತ ಗುಮಾಸ್ತ.
ಇವರೂ ಬರೆದುಕೊಟ್ಟರು. ದುಂಡಗೆ, ಒತ್ತುಕಾಗದ ಒತ್ತಿ.
ತಾರೀಖು ಸರಿಯಾಗಿತ್ತು.
ಮೊದಲು ಅವಳ ಕೆಲಸ ಹೋಯಿತು, ಆಮೇಲೆ ಮನೆ, ಆಮೇಲೆ ಅವಳು.

ಅದಾದ ಮೇಲೂ ನುಡಿಸಿದರು, ಇಪ್ಪತ್ತು ವರ್ಷಕ್ಕೂ ಮೇಲೆ.
ಧ್ವಜ ಬದಲಾಯಿತು. ಕಾಗದ ಸಿಗದೆ
ಸಿಮೆಂಟು ರಸೀದಿಗಳ ಬೆನ್ನ ಮೇಲೆ ಟಿಪ್ಪಣಿ.
ಗ್ರಂಥ ಮುಗಿಯಲಿಲ್ಲ. ಅಡಿಟಿಪ್ಪಣಿ ನಾನೂರ ಹನ್ನೆರಡು:
'ಗಾಳಿ ತುಳಿದವನು', ಮುಂದೆ ಬರೀ ಬಿಳಿ.
ಎರಡನೆಯ ಸಾಲಿನ ಆ ಕುರ್ಚಿಯಲ್ಲಿ ಯಾರೂ ಕೂರದ ಹಾಗೆ
ಹಾಡಿನ ಪುಸ್ತಕಗಳ ಕಟ್ಟು ಇಡುತ್ತಿದ್ದರು.
ಕಾರಣ ಹೇಳಲಿಲ್ಲ. ನಾನು ಕೇಳಲಿಲ್ಲ.
ತಿರುವಿದ ಕೈ ನನ್ನದು.

ಅರವತ್ತೊಂದರ ಫೆಬ್ರವರಿ. ಆಸ್ಪತ್ರೆ, ಕಿಟಕಿಗೆ ಹಿಮ.
ಹೊದಿಕೆಯ ಮೇಲೆ ಬೆರಳುಗಳು ಏನನ್ನೋ ಒತ್ತುತ್ತಿದ್ದವು,
ಪೂರ್ತಿ ಮಾತ್ರೆ.
ಗದ್ದ ಇಳಿಯಿತು. ನಿದ್ದೆಯೇನೋ ಅಂದುಕೊಂಡೆ.
ಅಲ್ಲ, ಒಂದೇ ನೂಲು.
ನನ್ನ ಕೈಯಲ್ಲಿ ಯಾವ ಪುಟವೂ ಇರಲಿಲ್ಲ.