ಹದಿನೇಳನೆಯ ಹಲಗೆ

ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುವ ದಿನ
ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು.
ದೂಜಣ್ಣನ ಹಟ್ಟಿಯ ಅಟ್ಟದಲ್ಲಿ ಮಳೆಗಾಲವಿಡೀ ಮಲಗಿದ್ದವು
ಪುಸ್ತಕದಲ್ಲಿ ಮೂವತ್ತೆರಡು,
ಇಳಿಸಿದಾಗ ಮೂವತ್ತೊಂದು.
ಗೆದ್ದಲಿರಬಹುದು ಎಂದೆ.
"ಗೆದ್ದಲು ನಂಬರು ನೋಡಿ ತಿನ್ನುತ್ತದಾ ಮಾರಾಯ್ರೆ?"
ಹದಿನೇಳು ಮಾತ್ರ ಇಲ್ಲ.

ಹೊಳೆ ಆಗಲೇ ಮೊಣಕಾಲಿಗೆ ಇಳಿದಿತ್ತು.
ಕಳೆದ ವರ್ಷ ಮೂರು ವಾರ ತಡಮಾಡಿದ್ದೆವು,
ಸಭೆಯ ಮೇಲೆ ಸಭೆ, ಚಹಾದ ಮೇಲೆ ಚಹಾ;
ಅಷ್ಟರಲ್ಲಿ ಉಬ್ಬರದ ಬೆನ್ನೇರಿ ಬಂದ ಉಪ್ಪು
ಶಂಕರಪುರದ ಬಾವಿಗಳಲ್ಲಿ ಕೂತುಬಿಟ್ಟಿತು.
ಫೆಬ್ರವರಿಯಲ್ಲಿ ಚಹಾದ ಹಾಲು ಒಡೆಯಿತು.
ಮಾರ್ಚಿಯಲ್ಲಿ ಮಲ್ಲಿಗೆಯ ಎಲೆಯಂಚು ಸುಟ್ಟಿತು.
ನೂರಾ ಹತ್ತು ಬುಡಗಳಲ್ಲಿ ನಲವತ್ತು ಕಡಿದು
ಬಚ್ಚಲೊಲೆಗೆ ಹಾಕಿದರು ಸೆರಫೀನಾ ಬಾಯಿ.

ಹಲಗೆ ಸಿಕ್ಕಿದ್ದು ಅವರ ಜಗಲಿಯಲ್ಲೇ:
ನಾಲ್ಕು ಮುರಕಲ್ಲಿನ ಮೇಲೆ ಹಲಗೆ,
ಹಲಗೆಯ ಮೇಲೆ ಒದ್ದೆ ಬಟ್ಟೆ, ಅದರ ತುಂಬ ಮೊಗ್ಗು,
ಪಕ್ಕದಲ್ಲಿ ನೆನೆಹಾಕಿದ ಬಾಳೆನಾರು.
ತಲೆ ಎತ್ತದೆ ಹೇಳಿದರು:
"ಜೋರು ಮಳೆಗೆ ನೀವೆಲ್ಲ ಹಲಗೆ ಎತ್ತಿದ ರಾತ್ರಿ
ಇದೊಂದು ದಡದಲ್ಲೇ ಉಳಿದಿತ್ತು.
ಎರಡು ದಿನ ನೋಡಿದೆ. ಯಾರೂ ಬರಲಿಲ್ಲ."
ನಾನು ಪುಸ್ತಕ ಮುಚ್ಚಿದೆ.
ಆ ರಾತ್ರಿ, ಕೊಡೆಯ ಕೆಳಗೆ,
ಎಣಿಸದೆಯೇ ಬರೆದಿದ್ದೆ ಮೂವತ್ತೆರಡು.

"ಈ ಅಟ್ಟೆ ಮುಗಿಯಲಿ, ಕೊಂಡುಹೋಗಿ.
ಸುಮ್ಮನೆ ನಿಂತು ಏನು? ನಾರು ಸೀಳಿ."
ಹಾಗೆ, ಮಣ್ಣು ಹೊರಲು ಬಂದ ಹುಡುಗರಿಬ್ಬರು,
ಅಧ್ಯಕ್ಷರು, ದೂಜಣ್ಣ, ನಾನು
ಸಾಲಾಗಿ ಕೂತು ನಾರು ಸೀಳಿದೆವು.
ಮಧ್ಯಾಹ್ನಕ್ಕೆ ಎರಡು ಸಾಲು ಹಲಗೆ ನಿಂತು
ನಡುವೆ ಕೆಸರು ತುಂಬಿ ತುಳಿಯುವಾಗ
ಒಂದು ಕಿಂಡಿಯ ಬಳಿ ಸಣ್ಣಗೆ ಹೂವಿನ ವಾಸನೆ.

ಆಮೇಲಿನದ್ದೆಲ್ಲ ಪುಸ್ತಕದಲ್ಲುಂಟು:
ಪಂಪು ದಿನ ಬಿಟ್ಟು ದಿನ, ಒಂದೇ ತಾಸು;
ಮೇಲಿನ ತೋಟದವರು ಕದ್ದು ಹಾಕಿದ ಎರಡು ರಾತ್ರಿ, ಜಗಳ, ದಂಡ;
ಬುಡಕ್ಕೆ ತೆಂಗಿನ ಸಿಪ್ಪೆ ಮಗುಚಿಟ್ಟವರು ಇಷ್ಟು,
ಇಡದೆ ನಕ್ಕವರು ಇಷ್ಟು;
ಏಪ್ರಿಲ್ ಹತ್ತು, ಸೆರಫೀನಾ ಬಾಯಿಯ ಬಾವಿ,
ನೀರು ಎರಡು ಕೋಲು, ಸಿಹಿ.
ಅಂದು ಮಲ್ಲಿಗೆಗೆ ದರ ಮಾತ್ರ ಇರಲಿಲ್ಲ.
ಅದಕ್ಕೆ ಯಾವ ಹೊಳೆಗೆ ಯಾವ ಹಲಗೆ?

ಜೂನಿನಲ್ಲಿ ಈ ಸಲ ಎಣಿಸಿದೆ, ಎರಡು ಸಲ.
ಹದಿನೇಳನ್ನು ಹೊತ್ತು ಜಗಲಿಗೆ ತಲುಪಿಸಿದೆ.
ನೀರು ಕುಡಿದು ಒಂದು ಕಡೆಗೆ ತಿರುಚಿಕೊಂಡಿದೆ;
ಮೊಗ್ಗು ಹರಡಿದರೆ ಉರುಳುತ್ತವೆ.
ಅವರು ಒಂದು ಮೂಲೆಗೆ ಕರಟದ ಚೂರು ಕೊಟ್ಟರು,
ಕೈಯಿಂದ ಒತ್ತಿ ನೋಡಿದರು,
ಮತ್ತೊಂದು ಚೂರು ಕೊಟ್ಟರು.
"ಯಾವಾಗ ಬೇಕು ಅಂತ
ಈ ಸಲ ಮೊದಲೇ ಹೇಳಿ."